ಲಾರಿ ಎಂಜಿನ್ ಸುತ್ತಲಿನ ವೈರಿಂಗ್ ಓದುವುದು ಹೇಗೆ? ಹಾರ್ನೆಸ್, ಕಪ್ಲರ್, ಪಿನ್‌ಗಳ ಪರಿಚಯ

ಶಿರಾಡಿ ಘಾಟಿ ಹತ್ತುವಾಗ ಮಾತ್ರ ಪಿಕಪ್ ಕಳೆದುಕೊಳ್ಳುವ ಲಾರಿಯೊಂದು ನಮ್ಮ ಶೆಡ್ಡಿಗೆ ಬಂದಿತ್ತು. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಲೋಡ್ ಹಾಕಿ ಗುಂಡ್ಯದಿಂದ ಸಕಲೇಶಪುರದ ಕಡೆ ಏರು ಶುರುವಾದರೆ ಸಾಕು, ಚೆಕ್ ಎಂಜಿನ್ ಲೈಟ್ ಹತ್ತುತ್ತಿತ್ತು. ಆಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಎಳೆಯುತ್ತಿರಲಿಲ್ಲ. ಸ್ಕ್ಯಾನರ್ ಹಾಕಿದವರು ದೋಷದ ಕೋಡ್ ನೋಡಿ ರೈಲ್ ಪ್ರೆಶರ್ ಸೆನ್ಸಾರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪೇ ರೈಲ್, ಅದರ ಒತ್ತಡ ಅಳೆಯುವಂಥದ್ದು) ಬದಲಿಸಿದ್ದರು. ಅದೂ ಎರಡು ಸಲ. ನಾನು ಆ ಸೆನ್ಸಾರಿನ ಕಪ್ಲರ್, ಅಂದರೆ ವೈರು ಸೇರುವ ಪ್ಲಗ್, ಬಿಚ್ಚಿ ನೋಡಿದೆ. ಮೂರು ಪಿನ್‌ಗಳಲ್ಲಿ ಒಂದರ ಬಾಯಿ ಅಗಲವಾಗಿತ್ತು. ಯಾರೋ ಹಿಂದೆ ಅದರೊಳಗೆ ದಪ್ಪ ಸೂಜಿ ಚುಚ್ಚಿ ಚೆಕ್ ಮಾಡಿದ್ದರು. ಎಂಜಿನ್ ಜೋರಾಗಿ ಅದುರಿದಾಗಲೆಲ್ಲ ಆ ಪಿನ್ ಸಂಪರ್ಕ ಬಿಡುತ್ತಿತ್ತು. ಹೋಗಿದ್ದು ಒಂದು ಟರ್ಮಿನಲ್, ಅಂದರೆ ಆ ಪಿನ್. ಖರ್ಚಾಗಿದ್ದು ಎರಡು ಸೆನ್ಸಾರ್ ಮತ್ತು ಮೂರು ಟ್ರಿಪ್ಪಿನ ಬಾಡಿಗೆ.

ಸೆನ್ಸಾರ್ ಕೋಡ್ ಬಂದರೆ ಮೊದಲು ಸೆನ್ಸಾರಿನಿಂದ ಇಸಿಯುವರೆಗಿನ (ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ದಾರಿ ನೋಡಬೇಕು. ಆ ದಾರಿಯನ್ನು ಓದುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. 2017ರ ಏಪ್ರಿಲ್‌ನಲ್ಲಿ ದೇಶಪೂರ್ತಿ ಬಂದ ಬಿಎಸ್4, 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್6 ಎಂಬ ಹೊಗೆ ನಿಯಮಗಳ ಕಾಲದ ಕಾಮನ್ ರೈಲ್ ಲಾರಿ, ಟಿಪ್ಪರ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಹಳೇ ಪಂಪಿನ ಎಂಜಿನ್‌ಗಳಲ್ಲಿ ವೈರಿಂಗ್ ಕಡಿಮೆ. ಅವುಗಳಲ್ಲಿ ಇಷ್ಟು ತಲೆನೋವಿಲ್ಲ.

ಕೈ ಹಾಕುವ ಮೊದಲು

ಕೀ ಆಫ್ ಮಾಡಿದ ತಕ್ಷಣ ಬ್ಯಾಟರಿ ಮೇನ್ ಸ್ವಿಚ್ ತೆಗೆಯಬೇಡಿ. ಹೊಗೆ ಶುದ್ಧಿಗೆ ಯೂರಿಯಾ ಟ್ಯಾಂಕ್ ಇರುವ ಗಾಡಿಗಳಲ್ಲಿ ಕೀ ಆಫ್ ಆದ ಮೇಲೂ ಸಿಸ್ಟಮ್ ಸ್ವಲ್ಪ ಹೊತ್ತು ಕೆಲಸ ಮಾಡುತ್ತಿರುತ್ತದೆ. ಪೈಪಿನಲ್ಲಿ ಉಳಿದ ಯೂರಿಯಾವನ್ನು ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳುತ್ತದೆ. ಅದರ ನಡುವೆ ಕರೆಂಟ್ ಕಡಿದರೆ ಯೂರಿಯಾ ಒಳಗೇ ಒಣಗಿ ಹರಳುಗಟ್ಟುತ್ತದೆ. ಎರಡು ಮೂರು ನಿಮಿಷ ಕಾದು ಆಮೇಲೆ ಸ್ವಿಚ್ ತೆಗೆಯಿರಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ.

ಇಂಜೆಕ್ಟರ್ ವೈರುಗಳ ವಿಷಯದಲ್ಲಿ ಜಾಗ್ರತೆ ಜಾಸ್ತಿ ಬೇಕು. ಗಾಡಿ 24 ವೋಲ್ಟಿನದಾದರೂ ಇಂಜೆಕ್ಟರ್ ತೆರೆಯಲು ಇಸಿಯು 50 ವೋಲ್ಟಿಗೂ ಮೇಲಿನ ಕರೆಂಟನ್ನು ತಳ್ಳುತ್ತದೆ. ಕೆಲವು ಎಂಜಿನ್‌ಗಳಲ್ಲಿ ಇನ್ನೂ ಹೆಚ್ಚು. ಎಂಜಿನ್ ಓಡುವಾಗ ಆ ಕಪ್ಲರ್‌ಗಳನ್ನು ಮುಟ್ಟಬೇಡಿ, ಬಿಚ್ಚಬೇಡಿ. ಪಕ್ಕದಲ್ಲೇ ಇರುವ ಡೀಸೆಲ್ ರೈಲ್ ಪೈಪಿನಲ್ಲಿ 1,600 ಬಾರ್‌ಗೂ ಮೀರಿದ ಒತ್ತಡ ಇರಬಹುದು. ಆ ನಟ್ಟುಗಳಿಗೆ ಸ್ಪ್ಯಾನರ್ ಹಾಕುವ ಕೆಲಸ ಇವತ್ತಿನದಲ್ಲ.

ಮೊದಲು ನಕ್ಷೆ ಮನಸ್ಸಿಗೆ ಬರಲಿ

ಕ್ಯಾಬಿನ್ ಎತ್ತಿ ಸುಮ್ನೆ ಐದು ನಿಮಿಷ ನೋಡುತ್ತಾ ನಿಂತುಕೊಳ್ಳಿ. ಮೊದಲ ನೋಟಕ್ಕೆ ಕಪ್ಪು ಪೈಪುಗಳ ಗೊಂಚಲು ಕಾಣುತ್ತದೆ ಅಷ್ಟೇ. ಅದರೊಳಗೆ ಮೂರು ಬಗೆ ಇದೆ.

ಒಂದು, ದಪ್ಪ ಕೇಬಲ್‌ಗಳು. ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ, ಆಲ್ಟರ್ನೇಟರಿನಿಂದ ಬ್ಯಾಟರಿ ಕಡೆಗೆ, ಎಂಜಿನ್ ಬ್ಲಾಕಿನಿಂದ ಚಾಸಿಗೆ ಹೋಗುವಂಥವು. ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಸೇರಿ 24 ಆಗಿರುತ್ತವೆ. ಎರಡು, ಕ್ಯಾಬಿನ್ನಿನಿಂದ ಮತ್ತು ಚಾಸಿಯಿಂದ ಬರುವ ಹಾರ್ನೆಸ್, ಅಂದರೆ ಪೈಪಿನೊಳಗೆ ಕಟ್ಟಿದ ವೈರುಗಳ ಕಂತೆ. ಇದರಲ್ಲಿ ಇಸಿಯುಗೆ ಬೇಕಾದ ಕರೆಂಟ್, ಕೀ ಸಿಗ್ನಲ್, ಪೆಡಲ್ ಸಿಗ್ನಲ್, ಡ್ಯಾಶ್‌ಬೋರ್ಡಿಗೆ ಹೋಗುವ ಮಾಹಿತಿ ಓಡಾಡುತ್ತದೆ. ಮೂರನೆಯದು ಎಂಜಿನ್ ಹಾರ್ನೆಸ್. ಇಸಿಯು ಬಾಯಿಂದ ಹೊರಟು ಒಂದೊಂದು ಸೆನ್ಸಾರಿಗೂ ಇಂಜೆಕ್ಟರಿಗೂ ಕವಲೊಡೆಯುವುದು ಇದೇ. ಬಿಸಿ, ಅದುರು, ಆಯಿಲ್ ಮೂರೂ ಇದಕ್ಕೇ ಹೆಚ್ಚು ತಾಗುತ್ತವೆ. ಹಾಗಾಗಿ ದೋಷವೂ ಇಲ್ಲಿಯೇ ಜಾಸ್ತಿ.

ಇಸಿಯು ಎಲ್ಲಿದೆ ಎಂದು ಹುಡುಕಿ. ಹಲವು ಲಾರಿಗಳಲ್ಲಿ ಎಂಜಿನ್ ಬ್ಲಾಕಿನ ಬದಿಗೇ ರಬ್ಬರ್ ಬುಶ್ ಮೇಲೆ ಕೂರಿಸಿರುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಎರಡು ದೊಡ್ಡ ಕಪ್ಲರ್. ಒಂದು ಗಾಡಿ ಕಡೆಯದು, ಇನ್ನೊಂದು ಎಂಜಿನ್ ಕಡೆಯದು. ಅಲ್ಲಿಂದ ಬೆರಳಿಟ್ಟು ಹೊರಡಿ, ಪ್ರತಿ ಕವಲನ್ನೂ ತುದಿಯವರೆಗೆ ಹಿಂಬಾಲಿಸಿ. ತುದಿಯಲ್ಲಿ ಏನಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕ್ರ್ಯಾಂಕ್ ಸೆನ್ಸಾರ್ ಫ್ಲೈವೀಲ್ ಅಥವಾ ಪುಲ್ಲಿ ಕಡೆ. ಕೂಲೆಂಟ್ ಸೆನ್ಸಾರ್ ಥರ್ಮೋಸ್ಟಾಟ್ ಹತ್ತಿರ. ಟರ್ಬೊ ತಳ್ಳುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸಾರ್ ಇನ್‌ಟೇಕ್ ಪೈಪಿನ ಮೇಲೆ. ರೈಲ್ ಸೆನ್ಸಾರ್ ರೈಲಿನ ತುದಿಗೆ. ಫೋಟೋ ತೆಗೆಯಿರಿ. ಮುಂದೆ ಯಾವುದೋ ಕ್ಲಾಂಪ್ ಎಲ್ಲಿತ್ತು ಎಂದು ತಲೆ ಕೆರೆದುಕೊಳ್ಳುವಾಗ ಆ ಫೋಟೋ ಕೆಲಸಕ್ಕೆ ಬರುತ್ತದೆ.

ರಿಲೇ, ಫ್ಯೂಸ್ ಪೆಟ್ಟಿಗೆ ತೆರೆದಾಗ ಕಾಣುವ ಅಂಕಿಗಳಿಗೆ ಅರ್ಥ ಇದೆ. 30 ಅಂದರೆ ಬ್ಯಾಟರಿಯಿಂದ ನೇರ ಬರುವ ಪ್ಲಸ್. 15 ಅಂದರೆ ಕೀ ಆನ್ ಆದಾಗ ಬರುವ ಕರೆಂಟ್. 31 ಅರ್ತ್. 50 ಸೆಲ್ಫಿಗೆ. ರಿಲೇಯಲ್ಲಿ 85, 86 ಕಾಯಿಲ್, 87 ಹೊರಗೆ ಹೋಗುವ ಕರೆಂಟ್. ಜರ್ಮನಿಯ ಈ ಅಂಕಿಗಳು ನಮ್ಮ ಗಾಡಿಗಳಲ್ಲೂ ಬಳಕೆಯಲ್ಲಿವೆ. ಬಣ್ಣಗಳನ್ನು ಮಾತ್ರ ನಂಬಿ ಕೂರಬೇಡಿ. ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ರಿಪೇರಿ ಆದ ಗಾಡಿಯಲ್ಲಂತೂ ಯಾವ ಬಣ್ಣ ಯಾವುದಕ್ಕೆ ಸೇರಿದೆಯೋ ಹೇಳಲಾಗದು.

ಕಪ್ಲರ್ ಬಿಚ್ಚುವ ಮುನ್ನ ಅದರ ಅಂಗಾಂಗ ತಿಳಿದಿರಲಿ

ಹೊರಗೆ ಕಾಣುವ ಪ್ಲಾಸ್ಟಿಕ್ ಚಿಪ್ಪು ಮನೆ. ಅದರ ಮೇಲೊಂದು ಲಾಕ್. ಹಲವದರಲ್ಲಿ ಲಾಕಿಗೂ ಒಂದು ಲಾಕ್ ಇರುತ್ತದೆ. ಕೆಂಪು ಅಥವಾ ಹಳದಿ ಬಣ್ಣದ ಚಿಕ್ಕ ಪಟ್ಟಿ. ಅದನ್ನು ಮೊದಲು ಸರಿಸಬೇಕು, ಆಮೇಲೆ ಒತ್ತಬೇಕು. ಇದು ಗೊತ್ತಿಲ್ಲದೆ ಸ್ಕ್ರೂ ಡ್ರೈವರ್ ಹಾಕಿ ಮೀಟಿದವರಿಂದಲೇ ಅರ್ಧಕ್ಕರ್ಧ ಕಪ್ಲರ್‌ಗಳ ಲಾಕ್ ಮುರಿದಿರುವುದನ್ನು ಕಂಡಿದ್ದೇನೆ. ಲಾಕ್ ಮುರಿದ ಕಪ್ಲರನ್ನು ಟ್ಯಾಗ್ (ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಹಾಕಿ ಕಟ್ಟಿ ಬಿಟ್ಟರೆ ಹತ್ತು ಸಾವಿರ ಕಿಲೋಮೀಟರ್‌ನೊಳಗೆ ಅದು ಮತ್ತೆ ಸಡಿಲವಾಗಿ ಬರುತ್ತದೆ.

ಒಳಗೆ ಟರ್ಮಿನಲ್‌ಗಳಿವೆ. ಗಂಡು ಪಿನ್, ಹೆಣ್ಣು ಪಿನ್. ವೈರು ಒಳಹೋಗುವ ಕಡೆ ಒಂದೊಂದು ವೈರಿಗೂ ಚಿಕ್ಕ ರಬ್ಬರ್ ಸೀಲ್. ಎರಡು ಚಿಪ್ಪು ಸೇರುವಲ್ಲಿ ಇನ್ನೊಂದು ದೊಡ್ಡ ಸೀಲ್. ವೈರಿಲ್ಲದ ತೂತಿಗೆ ಪ್ಲಾಸ್ಟಿಕ್ ಬಿರಡೆ ಹಾಕಿರುತ್ತಾರೆ. ಆ ಬಿರಡೆ ಬಿದ್ದುಹೋದರೆ ಅದೊಂದೇ ತೂತಿನಿಂದ ಇಡೀ ಕಪ್ಲರಿಗೆ ನೀರು ಹೋಗುತ್ತದೆ. ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ.

ಡಾಯ್ಚ್ ಎಂದು ಕರೆಯುವ ಗಟ್ಟಿ ಕಪ್ಲರ್‌ಗಳು ಲಾರಿ, ಜೆಸಿಬಿಗಳಲ್ಲಿ ಬಹಳ. ಅದರ ಮೂತಿಯಲ್ಲಿ ಕಿತ್ತಳೆ ಅಥವಾ ಹಸಿರು ಬಣ್ಣದ ಒಂದು ಬೆಣೆ ಇರುತ್ತದೆ. ಪಿನ್ ಹೊರತೆಗೆಯಲು ಆ ಬೆಣೆಯನ್ನು ಕೊಕ್ಕೆಯಿಂದ ನೇರಕ್ಕೆ ಎಳೆಯಿರಿ. ಆಮೇಲೆ ಪಿನ್ ಪಕ್ಕದ ಪ್ಲಾಸ್ಟಿಕ್ ನಾಲಿಗೆಯನ್ನು ಸಣ್ಣ ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ಸರಿಸಿ, ಹಿಂದಿನಿಂದ ವೈರನ್ನು ಎಳೆದರೆ ಪಿನ್ ಬರುತ್ತದೆ. ಬೆಣೆ ತೆಗೆಯದೆ ಎಳೆದರೆ ವೈರು ಕೈಗೆ ಬರುತ್ತದೆ, ಪಿನ್ ಒಳಗೇ ಉಳಿಯುತ್ತದೆ.

ಇಸಿಯುವಿನ ದೊಡ್ಡ ಕಪ್ಲರಿಗೆ ಸನ್ನೆಯಂಥ ಹಿಡಿ ಇರುತ್ತದೆ. ಅದನ್ನು ಪೂರ್ತಿ ತಿರುಗಿಸಿದಾಗ ಕಪ್ಲರ್ ತಾನಾಗಿ ಮೇಲೆ ಬರುತ್ತದೆ. ಅಲ್ಲಾಡಿಸಿ ಎಳೆದರೆ ಇಸಿಯು ಕಡೆಯ ಪಿನ್ ಬಾಗುತ್ತದೆ. ಕೆಲವು ಇಸಿಯುಗಳಲ್ಲಿ ನೂರಕ್ಕೂ ಹೆಚ್ಚು ಪಿನ್ ಇವೆ. ಒಂದು ಬಾಗಿದರೆ ಇಸಿಯುವೇ ರಿಪೇರಿಗೆ ಹೋಗಬೇಕಾದೀತು.

ಪಿನ್ ನಂಬರ್ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಚ್ಚಾಗಿರುತ್ತದೆ. ಟಾರ್ಚ್ ಹಿಡಿದು ನೋಡಿ. ವೈರಿಂಗ್ ಚಿತ್ರದಲ್ಲಿ ಕಪ್ಲರನ್ನು ಎದುರಿನಿಂದ ತೋರಿಸಿದ್ದಾರೋ, ವೈರಿನ ಕಡೆಯಿಂದ ತೋರಿಸಿದ್ದಾರೋ ಗಮನಿಸಿ. ಎರಡೂ ಕನ್ನಡಿಯ ಹಾಗೆ ಅದಲುಬದಲು. ಇಲ್ಲಿ ತಪ್ಪಿದರೆ 1ನೇ ಪಿನ್ ಎಂದುಕೊಂಡು 4ನೆಯದನ್ನು ಅಳೆಯುತ್ತೀರಿ.

ವೈರು ಎಷ್ಟಿದೆ ಎಂದು ಎಣಿಸಿದರೆ ಅರ್ಧ ವಿಷಯ ಗೊತ್ತಾಗುತ್ತದೆ

ಎರಡು ವೈರಿನ ಸೆನ್ಸಾರ್ ಸಾಮಾನ್ಯವಾಗಿ ಕೂಲೆಂಟ್ ಅಥವಾ ಡೀಸೆಲ್ ಬಿಸಿ ಅಳೆಯುವಂಥದ್ದು, ಇಲ್ಲವೇ ಕ್ರ್ಯಾಂಕ್ ಸೆನ್ಸಾರ್. ಬಿಸಿ ಅಳೆಯುವುದರಲ್ಲಿ ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುತ್ತದೆ. ಬಹುಪಾಲು ಸೆನ್ಸಾರ್‌ಗಳಲ್ಲಿ ಬೆಳಗಿನ ತಂಪಿಗೆ 2,000 ಓಮ್‌ಗಿಂತ ಸ್ವಲ್ಪ ಆಚೀಚೆ, 80 ಡಿಗ್ರಿಗೆ 300 ಓಮ್ ಆಸುಪಾಸು. ಕ್ರ್ಯಾಂಕ್ ಸೆನ್ಸಾರಿನ ವೈರಿಗೆ ಸುತ್ತಲೂ ಜಾಳಿಗೆ ಹೊದಿಕೆ ಇರುತ್ತದೆ. ಆಲ್ಟರ್ನೇಟರ್, ಇಂಜೆಕ್ಟರ್‌ಗಳ ಗದ್ದಲ ಸಿಗ್ನಲ್ಲಿಗೆ ತಾಗದಿರಲಿ ಎಂದು ಅದನ್ನು ಹಾಕಿರುತ್ತಾರೆ. ರಿಪೇರಿಯಲ್ಲಿ ಅದನ್ನು ಕತ್ತರಿಸಿ ಬಿಸಾಡಬೇಡಿ.

ಮೂರು ವೈರು ಇದ್ದರೆ ಹೆಚ್ಚಾಗಿ ಒತ್ತಡದ ಸೆನ್ಸಾರ್. ಒಂದು ವೈರಿನಲ್ಲಿ ಇಸಿಯು ಕೊಡುವ 5 ವೋಲ್ಟ್, ಒಂದು ಅರ್ತ್, ಒಂದು ಸಿಗ್ನಲ್. ಕೀ ಆನ್, ಎಂಜಿನ್ ಆಫ್ ಇದ್ದಾಗ ರೈಲ್ ಸೆನ್ಸಾರಿನ ಸಿಗ್ನಲ್ ಸುಮಾರು ಅರ್ಧ ವೋಲ್ಟ್ ತೋರಿಸಬೇಕು. ಇಲ್ಲೊಂದು ಮುಖ್ಯ ಸಂಗತಿ ಇದೆ. ಆ 5 ವೋಲ್ಟನ್ನು ಎರಡು ಮೂರು ಸೆನ್ಸಾರ್‌ಗಳು ಹಂಚಿಕೊಂಡಿರುತ್ತವೆ. ಒಂದರಲ್ಲಿ ಶಾರ್ಟ್ ಆದರೆ ಎಲ್ಲದಕ್ಕೂ 5 ವೋಲ್ಟ್ ಇಲ್ಲವಾಗುತ್ತದೆ. ಒಂದೇ ಸಲಕ್ಕೆ ಮೂರು ನಾಲ್ಕು ಸೆನ್ಸಾರಿನ ಕೋಡ್ ಬಂದರೆ ಗಾಬರಿಯಾಗಬೇಡಿ. ಮೀಟರನ್ನು 5 ವೋಲ್ಟಿನ ವೈರಿಗೆ ಇಟ್ಟು ಒಂದೊಂದೇ ಕಪ್ಲರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ, ತಪ್ಪು ಆ ಕವಲಿನಲ್ಲಿದೆ.

ಒಂದಕ್ಕೊಂದು ಹೆಣೆದುಕೊಂಡ ಎರಡು ವೈರು ಕಂಡರೆ ಅದು ಬಹುಶಃ ಕ್ಯಾನ್ ಲೈನ್, ಅಂದರೆ ಗಾಡಿಯ ಪೆಟ್ಟಿಗೆಗಳು ಮಾಹಿತಿ ಹಂಚಿಕೊಳ್ಳುವ ಲೈನ್. ಇಸಿಯು, ಡ್ಯಾಶ್‌ಬೋರ್ಡ್, ಬ್ರೇಕಿನ ಎಬಿಎಸ್, ಹೊಗೆ ಅಳೆಯುವ ನಾಕ್ಸ್ ಸೆನ್ಸಾರ್ ಎಲ್ಲ ಇದರ ಮೇಲೆಯೇ ಮಾತಾಡಿಕೊಳ್ಳುತ್ತವೆ. ಲೈನಿನ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇದೆ. ಬ್ಯಾಟರಿ ಕಳಚಿ ಎರಡು ವೈರಿನ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಎಲ್ಲೋ ಒಂದಕ್ಕೊಂದು ತಾಗಿವೆ. ಸ್ಕ್ಯಾನರ್ ಹಾಕುವ 16 ಪಿನ್ನಿನ ಒಬಿಡಿ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್‌ಗಳು ಕ್ಯಾನ್‌ಗೆ ಮೀಸಲು. ಆದರೆ ನಡುವೆ ಒಂದು ಲೈನಿನ ಮಾಹಿತಿಯನ್ನು ಇನ್ನೊಂದಕ್ಕೆ ದಾಟಿಸುವ ಗೇಟ್‌ವೇ ಪೆಟ್ಟಿಗೆ ಇರುವ ಗಾಡಿಯಲ್ಲಿ ಅಲ್ಲಿ ಅಳೆದದ್ದು ಎಂಜಿನ್ ಕಡೆಯ ಲೈನಿನ ಲೆಕ್ಕ ಕೊಡುವುದಿಲ್ಲ. ಆಗ ಎಂಜಿನ್ ಹತ್ತಿರವೇ ಅಳೆಯಬೇಕು.

ಅಳೆಯುವ ಕ್ರಮ

ಮೊದಲು ಬ್ಯಾಟರಿ. ನಿಂತ ಗಾಡಿಯಲ್ಲಿ 25 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ 28ರ ಆಸುಪಾಸು. ಇದು ಸರಿ ಇಲ್ಲದೆ ಮುಂದಿನ ಯಾವ ಅಳತೆಗೂ ಬೆಲೆ ಇಲ್ಲ.

ಆಮೇಲೆ ಅರ್ತ್. ಮೀಟರಿನ ಕಪ್ಪು ತುದಿ ಬ್ಯಾಟರಿ ಮೈನಸ್ಸಿಗೆ, ಕೆಂಪು ತುದಿ ಎಂಜಿನ್ ಬ್ಲಾಕಿಗೆ ಇಟ್ಟು ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಕೇಬಲ್ ಅಥವಾ ಅದರ ಬೋಲ್ಟಿನ ಬುಡದಲ್ಲಿ ತುಕ್ಕು ಇದೆ. ಚಾಸಿಗೆ ಬಣ್ಣ ಹೊಡೆಸಿದ ಮೇಲೆ ಶುರುವಾಗುವ ಎಷ್ಟೋ ವಿಚಿತ್ರ ತೊಂದರೆಗಳು ಇಲ್ಲಿಯೇ ಸಿಗುತ್ತವೆ. ಬಣ್ಣದ ಮೇಲೆಯೇ ಲಗ್ ಇಟ್ಟು ಬೋಲ್ಟ್ ಬಿಗಿದಿರುತ್ತಾರೆ.

ಸೆನ್ಸಾರ್ ಸಿಗ್ನಲ್ ಅಳೆಯುವಾಗ ಕಪ್ಲರ್ ಸೇರಿಸಿಯೇ ಇಟ್ಟು, ವೈರಿನ ಸೀಲ್ ಪಕ್ಕದಿಂದ ತೆಳು ಪ್ರೋಬ್ ತೂರಿಸಿ ಹಿಂದಿನಿಂದ ಅಳೆಯಿರಿ. ವೈರಿನ ಹೊದಿಕೆಗೆ ಚುಚ್ಚಬೇಡಿ. ಚುಚ್ಚಿದ ತೂತಿನಿಂದ ಇಳಿದ ನೀರು ಕೆಲವು ತಿಂಗಳಲ್ಲಿ ತಾಮ್ರವನ್ನು ಹಸಿರು ಪುಡಿ ಮಾಡುತ್ತದೆ. ಹೆಣ್ಣು ಪಿನ್ನಿನ ಬಾಯಿಗೆ ಮೀಟರಿನ ಮೊನೆಯನ್ನಂತೂ ಹಾಕಲೇಬೇಡಿ. ಶಿರಾಡಿಯ ಆ ಲಾರಿಯ ಕಥೆ ಹೇಳಿದೆನಲ್ಲ! ಪಿನ್ ಬಿಗಿ ಇದೆಯೋ ಎಂದು ನೋಡಲು ಅದೇ ಅಳತೆಯ ಹೊಸ ಗಂಡು ಪಿನ್ ಒಂದನ್ನು ಹಾಕಿ ಎಳೆದು ನೋಡಿ. ಕೈಗೆ ಸ್ವಲ್ಪ ಹಿಡಿತ ಸಿಗಬೇಕು. ಸುಮ್ನೆ ಜಾರಿದರೆ ಆ ಟರ್ಮಿನಲ್ ಬದಲಿಸಬೇಕು.

ನಮ್ಮ ಎಲೆಕ್ಟ್ರಿಷಿಯನ್‌ಗಳ ಕೈಯಲ್ಲಿ ಯಾವಾಗಲೂ ಟೆಸ್ಟ್ ಲ್ಯಾಂಪ್ ಇರುತ್ತದೆ. ಅದನ್ನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ಫ್ಯೂಸಿನಿಂದ ಬರುವ ಪವರ್ ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 24 ವೋಲ್ಟ್ ತೋರಿಸುತ್ತದೆ. 21 ವ್ಯಾಟಿನ ಬಲ್ಬ್ ಹಾಕಿದರೆ ಮಂಕಾಗಿ ಉರಿದು ನಿಜ ಹೇಳುತ್ತದೆ. ಆದರೆ ಆ ಬಲ್ಬ್ ಒಂದು ಆಂಪಿಯರಿನ ಹತ್ತಿರ ಕರೆಂಟ್ ಎಳೆಯುತ್ತದೆ. ಇಸಿಯುಗೆ ಹೋಗುವ ಸಿಗ್ನಲ್ ವೈರಿಗೆ ಅದನ್ನು ಹಚ್ಚಿದರೆ ಒಳಗಿನ ಸರ್ಕ್ಯೂಟ್ ಸುಡಬಹುದು. ಪವರ್ ಲೈನಿಗೆ ಲ್ಯಾಂಪ್, ಸೆನ್ಸಾರ್ ಲೈನಿಗೆ ಮೀಟರ್.

ಆಗಾಗ ಬಂದು ಹೋಗುವ ದೋಷಕ್ಕೆ ಅಲ್ಲಾಡಿಸುವುದೇ ಪರೀಕ್ಷೆ. ಸ್ಕ್ಯಾನರಿನಲ್ಲಿ ಆ ಸೆನ್ಸಾರಿನ ಲೈವ್ ಅಂಕಿ ಇಟ್ಟುಕೊಂಡು, ಹಾರ್ನೆಸ್ಸನ್ನು ಒಂದು ಗೇಣಿನಿಂದ ಇನ್ನೊಂದು ಗೇಣಿಗೆ ಮೆಲ್ಲಗೆ ಬಾಗಿಸುತ್ತಾ ಹೋಗಿ. ಅಂಕಿ ಜಿಗಿದ ಜಾಗದಲ್ಲಿ ನಿಲ್ಲಿ. ಇದಕ್ಕೆ ತಾಳ್ಮೆ ಬೇಕು. ಅರ್ಧ ಗಂಟೆ ಹೋದರೂ ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಿ ಹಾಳಾಗುತ್ತದೆ

ಕ್ಲಾಂಪ್ ಬಿದ್ದುಹೋದ ಜಾಗ ಮೊದಲನೆಯದು. ಹಾರ್ನೆಸ್ ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಪೈಪು ಸವೆದು, ಆಮೇಲೆ ವೈರಿನ ಹೊದಿಕೆಯೂ ಸವೆಯುತ್ತದೆ. ಟರ್ಬೊ ಹತ್ತಿರ ಹೋಗುವ ವೈರು ಮುಟ್ಟಿದರೆ ಬಿಸ್ಕತ್ತಿನ ಹಾಗೆ ಉದುರುತ್ತದೆ. ಸಂಡೂರಿನ ಅದಿರು ಸಾಗಿಸುವ ಟಿಪ್ಪರ್‌ಗಳಲ್ಲಿ ಕೆಂಪು ಧೂಳು ಸೀಲಿನ ಸಂದಿಗೆ ಸೇರುತ್ತದೆ. ಕರಾವಳಿಯಲ್ಲಿ ಉಪ್ಪಿನ ಗಾಳಿ ಪಿನ್‌ಗಳನ್ನು ಹಸಿರಾಗಿಸುತ್ತದೆ. ಮಳೆಗಾಲದಲ್ಲಿ ನಿಂತ ಗಾಡಿಗೆ ಇಲಿ ಸೇರಿಕೊಳ್ಳುವುದು ನಿಮಗೆ ಗೊತ್ತೇ ಇದೆ, ಅಲ್ವಾ?

ಎಲ್ಲರಿಗೂ ಗೊತ್ತಿಲ್ಲದ ಒಂದು ದಾರಿ ಇದೆ. ಆಯಿಲ್ ಪ್ರೆಶರ್ ಸೆನ್ಸಾರ್ ಒಳಗಿನಿಂದ ಸೋರಿದರೆ ಆಯಿಲ್ ಅದರ ಕಪ್ಲರಿಗೆ ಬರುತ್ತದೆ. ಅಲ್ಲಿಂದ ತಾಮ್ರದ ಎಳೆಗಳ ಸಂದಿಯಲ್ಲಿ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ವೈರಿನೊಳಗೇ ಸಾಗಿ ಇಸಿಯು ಕಪ್ಲರ್ ಮುಟ್ಟುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಇಸಿಯು ಕಪ್ಲರಿನಲ್ಲಿ ಆಯಿಲ್ ಕಂಡರೆ ಬರೀ ಒರೆಸಿ ಬಿಡಬೇಡಿ, ಅದು ಯಾವ ಸೆನ್ಸಾರಿನಿಂದ ಬಂತು ಎಂದು ಹುಡುಕಿ. ಯೂರಿಯಾ ಇದಕ್ಕಿಂತ ಕೆಟ್ಟದ್ದು. ಅದು ಕೂಡ ಹೀಗೆಯೇ ವೈರಿನೊಳಗೆ ತೆವಳುತ್ತದೆ, ಮೇಲಾಗಿ ತಾಮ್ರವನ್ನು ತಿನ್ನುತ್ತದೆ. ಯೂರಿಯಾ ತಳ್ಳುವ ಡೋಸಿಂಗ್ ಪಂಪ್ ಕಪ್ಲರಿನಲ್ಲಿ ಬಿಳಿ ಹರಳು ಕಂಡರೆ ಹದಬಿಸಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪಿನ್ ಕಪ್ಪಾಗಿದ್ದರೆ ವೈರು ಎಷ್ಟು ದೂರ ಕೆಟ್ಟಿದೆಯೋ ಅಷ್ಟನ್ನೂ ತೆಗೆಯಬೇಕು.

ಇನ್ನೆರಡು ನಾವೇ ಮಾಡಿಕೊಳ್ಳುವಂಥವು. ವಾಟರ್ ಸರ್ವೀಸಿನಲ್ಲಿ ಪ್ರೆಶರ್ ಗನ್ನನ್ನು ಕಪ್ಲರಿಗೆ ನೇರ ಹಿಡಿಯುವುದು ಒಂದು. ಬ್ಯಾಟರಿ ಮತ್ತು ಇಸಿಯು ಕಪ್ಲರ್ ಕಳಚದೆ ಚಾಸಿಗೆ ವೆಲ್ಡಿಂಗ್ ಮಾಡಿಸುವುದು ಇನ್ನೊಂದು. ಬಾಡಿ ಕೆಲಸಕ್ಕೆ ಗಾಡಿ ಬಿಡುವಾಗ ಈ ಮಾತನ್ನು ಬಾಯಿಬಿಟ್ಟು ಹೇಳಿ. ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ.

ರಿಪೇರಿ

ಎರಡು ವೈರು ತಿರುಚಿ ಟೇಪ್ ಸುತ್ತುವುದು ಮನೆ ತಲುಪಲು ಮಾತ್ರ. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗುತ್ತದೆ. ಸರಿಯಾದ ಅಳತೆಯ ಕ್ರಿಂಪ್ ಸ್ಲೀವ್ ಹಾಕಿ, ಅದಕ್ಕೆಂದೇ ಇರುವ ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿ, ಅದರ ಮೇಲೆ ಒಳಮೈಗೆ ಅಂಟು ಸವರಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ ಬಿಸಿ ಮಾಡಿ. ಬೆಸುಗೆ ಗಟ್ಟಿ ಎಂದು ಹಲವರು ನಂಬುತ್ತಾರೆ. ಎಂಜಿನ್ ಮೇಲೆ ಅದು ನನಗೆ ಇಷ್ಟವಿಲ್ಲ. ಸೀಸ ಹೀರಿದ ಕಡೆ ವೈರು ಕಡ್ಡಿಯಾಗುತ್ತದೆ, ಅದುರಿದಾಗ ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ನಾಲ್ಕಾರು ವೈರು ಸೇರಿಸುವುದಿದ್ದರೆ ಎಲ್ಲ ಜೋಡಣೆ ಒಂದೇ ಕಡೆ ಬರದಂತೆ ಹಿಂದೆ ಮುಂದೆ ಮಾಡಿ, ಇಲ್ಲದಿದ್ದರೆ ಅಲ್ಲೊಂದು ಗಂಟು ಬೆಳೆಯುತ್ತದೆ.

ಹಾಕುವ ವೈರಿನ ದಪ್ಪ ಹಳೆಯದಕ್ಕೆ ಸಮ ಇರಲಿ. ಕ್ಯಾನ್ ವೈರಿಗೆ ತೇಪೆ ಹಾಕಿದರೆ ಹೆಣಿಗೆಯನ್ನೂ ವಾಪಸ್ ಮಾಡಿ, ಇಂಚಿಗೊಂದು ಸುತ್ತಿನ ಲೆಕ್ಕದಲ್ಲಿ. ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ ಗ್ರೀಸ್) ತೆಳ್ಳಗೆ ಸವರಿದರೆ ಸಾಕು. ಕಪ್ಲರ್ ತುಂಬಾ ಗ್ರೀಸ್ ತುಂಬಿದರೆ ಚಿಪ್ಪು ಪೂರ್ತಿ ಕೂರುವುದಿಲ್ಲ. ಚಾಸಿಗೆ ಹಾಕುವ ಮಾಮೂಲಿ ಗ್ರೀಸ್ ಅಲ್ಲಿ ಬೇಡ, ಅದು ಸೀಲ್ ರಬ್ಬರನ್ನು ಊದಿಸಬಹುದು.

ವಾಪಸ್ ಜೋಡಿಸುವಾಗ ಟಕ್ ಎಂಬ ಸದ್ದು ಕೇಳಬೇಕು. ಸದ್ದಾದ ಮೇಲೆ ಒಮ್ಮೆ ಎಳೆದು ನೋಡಿ, ಆಮೇಲೆ ಬಣ್ಣದ ಪಟ್ಟಿ ಸರಿಸಿ. ಕಪ್ಲರಿಗೆ ಬರುವ ವೈರು ಕೆಳಗಿನಿಂದ ಏರಿ ಬರುವ ಹಾಗಿರಲಿ. ಆಗ ವೈರಿನ ಮೇಲೆ ಹರಿದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕಪ್ಲರಿಗೆ ಇಳಿಯುವುದಿಲ್ಲ. ರಬ್ಬರ್ ಹಾಕಿದ ಕ್ಲಾಂಪ್‌ಗಳನ್ನು ಫೋಟೋದಲ್ಲಿದ್ದ ಜಾಗಕ್ಕೇ ಬಿಗಿಯಿರಿ. ಎಂಜಿನ್ನಿನಿಂದ ಚಾಸಿಗೆ ದಾಟುವಲ್ಲಿ ಹಾರ್ನೆಸ್ಸಿಗೆ ಸ್ವಲ್ಪ ಸಡಿಲ ಬಿಡಿ, ಎಂಜಿನ್ ತೂಗಿದಾಗ ಎಳೆತ ಬೀಳಬಾರದು. ಡೀಸೆಲ್ ಪೈಪಿಗೂ ಬಿಸಿ ಪೈಪಿಗೂ ಟ್ಯಾಗ್ ಹಾಕಿ ಕಟ್ಟಬೇಡಿ.

ಕೋಡ್ ಅಳಿಸಿ, ಲೋಡ್ ಇರುವಾಗಲೇ ಗಾಡಿ ಓಡಿಸಿ ನೋಡಿ. ಶೆಡ್ಡಿನ ಮುಂದೆ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಆ ಲಾರಿಗೆ ಹೊಸ ಟರ್ಮಿನಲ್ ಹಾಕಿದ ಮೇಲೆ ನಾನೂ ಡ್ರೈವರ್ ಜೊತೆ ಮುಂದಿನ ಟ್ರಿಪ್ಪಿಗೆ ಹತ್ತಿಕೊಂಡೆ. ಸ್ಕ್ಯಾನರ್ ತೊಡೆಯ ಮೇಲಿತ್ತು. ಗುಂಡ್ಯ ದಾಟಿ ಏರು ಶುರುವಾಯಿತು, ರೈಲ್ ಪ್ರೆಶರಿನ ಅಂಕಿ ಒಂದು ಸಲವೂ ಜಿಗಿಯಲಿಲ್ಲ. ಮಾರನಹಳ್ಳಿ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರ್ ಇಳಿದು ಬಂದು ಆ ಹಳೇ ಟರ್ಮಿನಲ್ ಕೇಳಿ ಇಸಿದುಕೊಂಡರು. ಬೆಂಕಿಕಡ್ಡಿಯ ತಲೆಯಷ್ಟು ದೊಡ್ಡದಿತ್ತು. ಮಾಲೀಕರಿಗೆ ತೋರಿಸಬೇಕು ಎಂದು ಜೇಬಿನಲ್ಲಿಟ್ಟುಕೊಂಡರು.